ಸವಾಯಿ ಗಂಧರ್ವರೂ ನಮ್ಮ ಶಾಲೆಯ ಮಕ್ಕಳೂ

ಬಾಲಕರು ಶಾಲೆಯಲ್ಲಿ ಓದುತ್ತಿರುವಾಗಲೇ ಅವರಿಗೆ ಒಂದು ಕಸಬಿನ ಪರಿಚಯ ಮಾಡಿಸಬೇಕು, ಬಲ್ಲ ಕೆಲಸಗಾರರ ಕೈಕೆಳಗೆ ಉಮೇದುವಾರರಾಗಿ ಇರಿಸಿ ಅವರ ಒಲವು ಯಾವ ಕಡೆಗಿದೆ ಎಂಬದನ್ನು ನೋಡಬೇಕು ಎಂಬ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ೧೯೩೭ರಲ್ಲಿ ವರ್ಧೆಯಲ್ಲಿ ಕೂಡಿದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸಬನ್ನೇ ವಿದ್ಯೆಯ ಮಧ್ಯಬಿಂದುವಾಗಿ ಇಡಬೇಕೆಂದು ಪ್ರತಿಪಾದಿಸಿದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ಇಯತ್ತೆಯ ವರೆಗಿನ ಮಕ್ಕಳು ೧೦ ದಿನ ಪಾಟಿಚೀಲವನ್ನು ಬದಿಗಿರಿಸಿ ತಮ್ಮ ಊರಿನ ಬಡಿಗ, ಕುಂಬಾರ, ತೋಟಗಾರ, ಕಲಾವಿದ ಮೊದಲಾದವರ ಬಳಿ ಕಲಿಯಬೇಕೆಂದು ಸೂಚಿಸಿತು. ವಿಚಾರವು ಒಳ್ಳೆಯದೇ ಅಹುದು. ಆದರೆ ಕಸಬು ಕೈಗೆ ಹತ್ತುವ ಬಗೆ ಯಾವದು, ಅದಕ್ಕೆ ಎಷ್ಟು ಕಾಲ ಬೇಕು, ಕಲಿಸುವವನ ಹೊಣೆ ಎಲ್ಲಿಯ ವರೆಗೆ ಎಂಬ ಪ್ರಶ್ನೆಗಳಿಗೆ ಸರಕಾರಿ ಕಾಗದಗಳಲ್ಲಿ ಉತ್ತರ ದೊರೆಯುವದು ಕಷ್ಟ. ನಮ್ಮ ಧಾರವಾಡ ಸೀಮೆಯ ಒಬ್ಬ ಶಾಲೆಯ ಹುಡುಗನ ಚರಿತ್ರೆಯಲ್ಲಿ ಅದು ದೊರೆಯುವದೆಂದು ನಾವು ಭಾವಿಸುತ್ತೇವೆ. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರೆಂದು ಭರತಖಂಡದಲ್ಲೆಲ್ಲ ಹೆಸರಾದ ರಾಮಭಾವು ಕುಂದಗೋಳಕರರು.

ಹಾಡುಗಾರಿಕೆಯನ್ನು ಬಡಿಗತನ, ನೇಕಾರಿಕೆಗಳ ಸಾಲಿನಲ್ಲಿ ಹೇಗೆ ಕೂಡ್ರಿಸುವಿರಿ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೂಡ್ರಿಸಲು ಕಾರಣವಿದೆ. ಕೈಯಿಂದಾಗಲಿ ಕಂಠದಿಂದಾಗಲಿ ಮಾಡಿ ಮಾಡಿ ಹದಕ್ಕೆ ಬರುವ ವಿದ್ಯೆಯೆಲ್ಲ ಒಂದೇ ಜಾತಿಯದು. ಅದು ಪುಸ್ತಕದಿಂದ ಬಾರದು. ಬಲ್ಲವನ ಎದುರಿಗೆ ಕುಳಿತು, ತಪ್ಪಿ, ತಿದ್ದಿಸಿಕೊಂಡು, ಮತ್ತೆ ಮಾಡಿಯೇ ಬರಬೇಕು. ಅದರಿಂದಲೇ ಹೊಟ್ಟೆ ಹೊರೆಯಬೇಕಾದವನಿಗೆ ಅದು ಕಸಬೂ ಅಹುದು.

ರಾಮಚಂದ್ರ ಗಣೇಶ ಸಂಶಿ ಎಂಬ ಹೆಸರಿನ ಈ ಬಾಲಕನು ೧೮೮೬ನೆಯ ಇಸವಿಯ ಜನೇವರಿ ೧೯ರಂದು ಅಮರಗೋಳದಲ್ಲಿ ಹುಟ್ಟಿದನು. ತಂದೆ ಗಣೇಶರಾಯರು ಕುಂದಗೋಳದಲ್ಲಿ ಖಾಸಗಿ ಕಾರಕೂನಿಕೆ ಮಾಡಿಕೊಂಡು ಸಂಸಾರ ಸಾಗಿಸುತ್ತಿದ್ದರು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅಲ್ಲಿ ಓದಿಗೆ ತಕ್ಕ ಅನುಕೂಲವಿಲ್ಲದ್ದರಿಂದ ಹುಡುಗನು ದಿನಾಲು ಸುಮಾರು ೧೨ ಮೈಲು ದೂರದ ಹುಬ್ಬಳ್ಳಿಗೆ ಹೋಗಿ ಲ್ಯಾಮಿಂಗ್ಟನ್ ಶಾಲೆಯಲ್ಲಿ ಕಲಿಯಬೇಕಾಯಿತು. ಓದಿನಲ್ಲಿ ಅವನು ಸಾಧಾರಣ. ಆದರೆ ಪದ್ಯಗಳನ್ನು ಬಾಯಿಪಾಠ ಹೇಳುವದರಲ್ಲಿ ಅವನಿಗೆ ಯಾವ ಶ್ರಮವೂ ಇರಲಿಲ್ಲ. ಕಂಠವಂತೂ ಬಹು ಇಂಪಾದದ್ದು. ಇಂಥ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇಬ್ಬರು ಮೂವರಾದರೂ ಇರುತ್ತಾರೆ. ಪರೀಕ್ಷೆಯ ಪಟ್ಟಿಯಲ್ಲಿ ಅವರ ಹೆಸರು ನಡುವೆಲ್ಲಿಯೋ ಇರುವದು. ಅವರಲ್ಲಿರುವ ನಿಜವಾದ ಶಕ್ತಿಗೆ ಆ ಪಟ್ಟಿಯಲ್ಲಿ ಅಂಕಣವೇ ಇರುವದಿಲ್ಲ.

ಈ ಹುಡುಗನ ಶಕ್ತಿಯನ್ನು ಗುರುತಿಸಿ ಬಳಸಿಕೊಂಡವರು ಬಲವಂತರಾವ ಕೊಲ್ಹಟಕರರೆಂಬ ಸಂಗೀತಗಾರರು. ಅವನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿಯೇ ಅವರು ಅವನಿಗೆ ಪಾಠ ಹೇಳತೊಡಗಿದರು. ಸುಮಾರು ೭೫ ಧ್ರುಪದಗಳು, ೨೫ ತರಾನಾಗಳು, ನೂರರಷ್ಟು ಚೀಜುಗಳು, ಹಲವು ತಾಳಗಳು ಅವನಿಗೆ ಕರಗತವಾದವು. ಹನ್ನೆರಡು ವರ್ಷ ತುಂಬುವದರೊಳಗಾಗಿ ಇಷ್ಟನ್ನು ಕಲಿತ ಬಾಲಕನನ್ನು ಬುದ್ಧಿ ಸಾಲದವನೆಂದು ಯಾರು ಹೇಳಬಲ್ಲರು? ಶಾಲೆಯ ಪಾಠವೂ ಗುರುವಿನ ಪಾಠವೂ ಹೀಗೆ ಕೂಡಿಯೇ ನಡೆದದ್ದು ಅವನ ಬಾಲ್ಯದ ಸುದೈವವೆನ್ನಬೇಕು.

ಆ ಸುದೈವವು ಬಹುಕಾಲ ಉಳಿಯಲಿಲ್ಲ. ೧೮೯೮ರಲ್ಲಿ ಕೊಲ್ಹಟಕರರು ತೀರಿಕೊಂಡರು. ಗುರುವು ಹೋದನಂತರ ಹುಡುಗನು ಶಾಲೆಯನ್ನೂ ಬಿಟ್ಟನು. ಇಲ್ಲಿ ನಾವು ತುಸು ನಿಂತು ಆಲೋಚಿಸಬೇಕಾಗಿದೆ. ಕಸಬಿನ ಗುರು ಹೋದಾಗ ಶಾಲೆಯಾದರೂ ಅವನನ್ನು ಹಿಡಿದಿಡಬೇಕಾಗಿತ್ತು. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದ್ದರಿಂದ ಒಂದು ಎಳೆ ಕಡಿದ ಕೂಡಲೆ ಇನ್ನೊಂದೂ ಜಾರಿತು. ಬೇರೊಬ್ಬ ತಂದೆಯಾಗಿದ್ದರೆ ಮಗನನ್ನು ಯಾವದಾದರೊಂದು ಕಚೇರಿಯಲ್ಲಿ ಬರೆಯಲು ಕೂಡ್ರಿಸಿ ಸುಮ್ಮನಾಗುತ್ತಿದ್ದನು. ಗಣೇಶರಾಯರು ಹಾಗೆ ಮಾಡಲಿಲ್ಲ. ಮಗನ ಸಂಗೀತಶಿಕ್ಷಣವು ಮುಂದುವರಿಯಲೇಬೇಕೆಂಬ ಹಟ ಅವರದು. ಗಾಯಕರ ಬಾಳು ಅನಿಶ್ಚಿತವಾಗಿದ್ದ ಆ ದಿನಗಳಲ್ಲಿ ಅಲ್ಪ ವರಮಾನದ ಕಾರಕೂನರೊಬ್ಬರು ತೋರಿಸಿದ ಈ ಧೈರ್ಯವನ್ನು ನಾವು ಮರೆಯಲಾಗದು.

ಕುಂದಗೋಳದ ನಾಡಿಗೇರ ವಾಡೆಯು ಸಂಗೀತಗಾರರಿಗೆ ಆಶ್ರಯದ ಸ್ಥಾನ. ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರು ಈ ಭಾಗಕ್ಕೆ ಬಂದುಹೋಗುತ್ತಿದ್ದ ಕಾಲವದು. ಬಾಲಕನನ್ನು ಅವರ ಶಿಷ್ಯನನ್ನಾಗಿ ಒಪ್ಪಿಸುವ ಪ್ರಸಂಗ ಬಂದಾಗ ಖಾನರು ಒಂದು ಕರಾರನ್ನು ಮುಂದಿಟ್ಟರು: ಕಡಿಮೆಯೆಂದರೆ ೮ ವರ್ಷ ತಮ್ಮ ಬಳಿಯಲ್ಲಿದ್ದು ಕಲಿಯಬೇಕು. ತಂದೆಯು ಅದಕ್ಕೆ ಒಪ್ಪಿದರು. ಈ ಕರಾರು ಶಿಷ್ಯನನ್ನು ಕಟ್ಟಿಹಾಕಿತೆಂದು ಮೇಲುನೋಟಕ್ಕೆ ತೋರುವದು. ಆದರೆ ಅದು ಗುರುವನ್ನೂ ಅಷ್ಟೇ ಬಿಗಿಯಾಗಿ ಕಟ್ಟಿತೆಂಬದು ಮುಂದಿನ ಸಂಗತಿಯಿಂದ ತಿಳಿಯುತ್ತದೆ.

ಪ್ರಾಯಕ್ಕೆ ಬರುವ ಹೊತ್ತಿಗೆ ರಾಮಭಾವುವಿನ ಕಂಠವು ಒಡೆಯಿತು. ಯಾವ ಇಂಪಿಗಾಗಿ ಎಲ್ಲರೂ ಅವನನ್ನು ಮೆಚ್ಚಿದ್ದರೋ ಆ ಇಂಪೇ ಮಾಯವಾಗಿ ದನಿಯು ಒರಟಾಯಿತು. ಹತ್ತು ದಿನದ ಪರೀಕ್ಷೆಯಾಗಿದ್ದರೆ, ವರ್ಷದ ಕೊನೆಗೆ ಗುಣ ಹಾಕುವ ಪದ್ಧತಿಯಾಗಿದ್ದರೆ, ಆ ಹುಡುಗನು ನಪಾಸಾಗಿ ಹೊರಬೀಳುತ್ತಿದ್ದನು. ಇಲ್ಲಿ ಹಾಗಾಗಲಿಲ್ಲ. ಗುರುವಿನ ತಾಲೀಮು ಮುಂದುವರಿಯಿತು, ಶಿಷ್ಯನ ಸಾಧನೆಯೂ ಮುಂದುವರಿಯಿತು. ಒಡೆದ ಕಂಠವನ್ನು ದಿನದಿನವೂ ಪಳಗಿಸಿ, ಒಂದೊಂದು ಸ್ವರವನ್ನೂ ದುಡಿದು ಸಂಪಾದಿಸಿಕೊಳ್ಳುವ ಬಲವನ್ನು ಅವರು ಪಡೆದದ್ದು ಈ ಕಾಲದಲ್ಲಿಯೇ. ಹುಟ್ಟಿನಿಂದ ಬಂದ ಕಂಠವು ಹೋಯಿತು, ಕಸಬಿನಿಂದ ಬಂದ ಕಂಠವು ಉಳಿಯಿತು. ಅದಕ್ಕೆ ಬೇಕಾದ ಕಾಲಾವಕಾಶವನ್ನು ಕೊಟ್ಟದ್ದು ಆ ದೀರ್ಘ ಅವಧಿಯ ಕರಾರು.

ಮುಂದೆ ರಾಮಭಾವು ಅವರು ಗುರುಗಳ ಮನಸ್ಸಿಗೆ ಒಪ್ಪಿಗೆಯಾಗದಿದ್ದರೂ ಮರಾಠಿ ಸಂಗೀತ ನಾಟಕಗಳ ರಂಗವನ್ನು ಹೊಕ್ಕರು. ಸೌಭದ್ರ ನಾಟಕದಲ್ಲಿ ಅವರು ವಹಿಸುತ್ತಿದ್ದ ಸುಭದ್ರೆಯ ಪಾತ್ರವು ಬಹು ಜನಪ್ರಿಯವಾಯಿತು. ಅಮರಾವತಿಯಲ್ಲಿ ಲೋಕಮಾನ್ಯರ ಅನುಯಾಯಿಗಳಾದ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವರೆಂಬ ಬಿರುದನ್ನು ಅವರಿಗಿತ್ತರು. ಬಾಲಗಂಧರ್ವರ ಕೀರ್ತಿಯು ಉಜ್ವಲವಾಗಿದ್ದ ಆ ಯುಗದಲ್ಲಿ ಒಂದೂಕಾಲು ಪಟ್ಟು ಗಂಧರ್ವನೆಂಬ ಅರ್ಥದ ಬಿರುದು ದೊರೆತದ್ದು ಸಾಮಾನ್ಯ ಮಾತಲ್ಲ.

ಆದರೆ ಅವರ ಬಾಳಿನ ಅತಿ ದೊಡ್ಡ ಕೆಲಸವು ರಂಗದ ಮೇಲಿನದಲ್ಲ, ಕುಂದಗೋಳದ ಮನೆಯೊಳಗಿನದು. ತಾವು ಕಲಿತ ಬಗೆಯಲ್ಲಿಯೇ ಅವರು ಇತರರಿಗೆ ಕಲಿಸಿದರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಬಾಲಿಕೆಯಾಗಿದ್ದಾಗ ಗಾಂಧೀಜಿಯವರೆದುರು ಸ್ವಾಗತಗೀತ ಹಾಡಿದ ಗಂಗೂಬಾಯಿ ಹಾನಗಲ್ಲರು ಮುಂದೆ ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಒಂದು ಸ್ವರಸಮೂಹವು ಸರಿಯಾಗಿ ಬರುವ ವರೆಗೆ ಗುರುಗಳು ಮುಂದಿನದನ್ನು ಹೇಳುತ್ತಿರಲಿಲ್ಲ. ಶಾಲಾಶಿಕ್ಷಕರೊಬ್ಬರ ಮಗನಾದ ಭೀಮಸೇನ ಜೋಶಿಯವರು ೧೯೩೩ರಲ್ಲಿ ೧೧ನೆಯ ವಯಸ್ಸಿಗೇ ಸಂಗೀತದ ಹಂಬಲದಿಂದ ಮನೆಬಿಟ್ಟು ಉತ್ತರದ ಊರೂರು ಅಲೆದು, ಕೊನೆಗೆ ೧೯೩೬ರಲ್ಲಿ ತಮ್ಮ ನಾಡಿನಲ್ಲಿಯೇ, ಇದೇ ಕುಂದಗೋಳದಲ್ಲಿ, ಗುರುವನ್ನು ಕಂಡರು. ಗುರುಗೃಹದಲ್ಲಿ ನೀರು ಹೊತ್ತು ವಿದ್ಯೆ ಸಂಪಾದಿಸಿದರು. ೧೯೪೨ರಲ್ಲಿ ಪಾರ್ಶ್ವವಾಯು ಬಡಿದು ರಾಮಭಾವು ಅವರ ಹಾಡುಗಾರಿಕೆ ನಿಂತಿತು. ಕಲಿಸುವದು ಮಾತ್ರ ನಿಲ್ಲಲಿಲ್ಲ. ೧೯೫೨ನೆಯ ಸಪ್ಟಂಬರ ೧೨ರಂದು ಅವರು ಪುಣೆಯಲ್ಲಿ ದೇಹವಿಟ್ಟರು. ಮರುವರ್ಷದಿಂದ ಭೀಮಸೇನರು ಗುರುವಿನ ಹೆಸರಿನಲ್ಲಿ ಅಲ್ಲಿ ಸಂಗೀತೋತ್ಸವವನ್ನು ನಡೆಸತೊಡಗಿದರು. ೨೦೦೨ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣವೂ ೨೦೦೮ರಲ್ಲಿ ಭೀಮಸೇನರಿಗೆ ಭಾರತರತ್ನವೂ ಸಂದವು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಜಿಲ್ಲೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸೋಣ. ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಂತ ಮಗ್ಗದ ಮೇಲೆ ನವಿಲು, ಪಗಡೆಯ ಹಾಸುಗಳನ್ನು ಮೂಡಿಸಿ ಜಮಖಾನೆ ನೇಯುತ್ತಾರೆ. ಕಲಘಟಗಿಯಲ್ಲಿ ಪುರಾಣದ ಚಿತ್ರಗಳನ್ನು ಬರೆದ ಬಣ್ಣದ ತೊಟ್ಟಿಲುಗಳು ಸಿದ್ಧವಾಗುತ್ತವೆ. ಎರಡೂ ಕೆಲವೇ ಮನೆತನಗಳ ಕೈಯಲ್ಲಿ ಉಳಿದ ವಿದ್ಯೆಗಳು. ಆ ಊರುಗಳ ಶಾಲೆಯಲ್ಲಿ ಕುಳಿತ ಮಗುವಿನ ಬೆರಳುಗಳಲ್ಲಿ ಈ ವಿದ್ಯೆಗೆ ತಕ್ಕ ಹದವಿದ್ದರೂ ಅದನ್ನು ಕಂಡುಹಿಡಿಯುವ ದಾರಿ ಎಲ್ಲಿದೆ? ಗಣೇಶರಾಯರಂಥ ತಂದೆ ಎಲ್ಲರಿಗೂ ಇರುವದಿಲ್ಲ. ಇದ್ದರೂ ಮನೆಬಾಗಿಲಿಗೆ ಅಬ್ದುಲ್ ಕರೀಮ್ ಖಾನರು ಬರುವದಿಲ್ಲ. ಒಬ್ಬನಿಗೆ ದೈವದಿಂದ ಒದಗಿದ್ದನ್ನು ಎಲ್ಲರಿಗೂ ವ್ಯವಸ್ಥೆಯಿಂದ ಒದಗಿಸುವದೇ ಶಿಕ್ಷಣಖಾತೆಯ ಕರ್ತವ್ಯ.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಗುರುಗೃಹದಲ್ಲಿ ನೀರು ಹೊರುವದು ವಿದ್ಯೆಯ ಅಂಗವಾಗಿತ್ತು. ಕಾರಖಾನೆಯಲ್ಲಿ ಅದೇ ಬರಿಯ ದುಡಿಮೆಯಾದೀತು. ೧೪ ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವದನ್ನು ಕಾಯದೆಯು ತಡೆದಿದೆ. ೧೯೬೧ರ ಉಮೇದುವಾರರ ಕಾಯದೆಯೂ ಅದೇ ವಯಸ್ಸನ್ನು ಕನಿಷ್ಠ ಮಿತಿಯಾಗಿಟ್ಟಿದೆ. ಈ ಮಿತಿಯನ್ನು ಸಡಿಲಿಸಬೇಕೆಂದು ನಾವು ಹೇಳುವದಿಲ್ಲ. ಎಳೆಯರಿಗೆ ಕಸಬಿನ ರುಚಿ ಮಾತ್ರ ಸಾಕು. ಆದರೆ ರುಚಿ ಹತ್ತಿದವರಿಗೆ ೧೪ರ ನಂತರ ನಿಜವಾದ ಗುರು, ನಿಶ್ಚಿತವಾದ ಅವಧಿ, ಕಲಿಸುವವನಿಗೆ ಗೌರವದ ಸಂಭಾವನೆ, ಇವು ಸಿದ್ಧವಾಗಿರಬೇಕು. ನಡುವೆ ಮಗುವಿನ ಕೈ ಸೋತರೆ, ರಾಮಭಾವುವಿನ ಕಂಠದಂತೆ ಒಡೆದರೆ, ತಾಳಿಕೊಳ್ಳುವ ಕರಾರು ಇರಬೇಕು. ಗುರುವೇ ಇಲ್ಲವಾದರೆ ಶಾಲೆಯ ಬಾಗಿಲು ತೆರೆದಿರಬೇಕು.

ಕಸಬು ನಪಾಸಾದವರ ಪಾಲಿಗೆಂಬ ತಪ್ಪು ಕಲ್ಪನೆಯು ನಮ್ಮ ಸುಶಿಕ್ಷಿತರಲ್ಲಿ ಇನ್ನೂ ಬೇರೂರಿದೆ. ಓದಿನಲ್ಲಿ ಸಾಧಾರಣನಾಗಿದ್ದ ಕುಂದಗೋಳದ ಆ ಹುಡುಗನನ್ನು ನೆನೆದಾದರೂ ಅಧಿಕಾರಿಗಳೂ ಪಾಲಕರೂ ಅದನ್ನು ಬಿಡಲಿ. ತಮ್ಮ ಮುಂದೆ ಕುಳಿತ ಮಕ್ಕಳ ಹೆಸರುಪಟ್ಟಿಯನ್ನು ಮುಚ್ಚುವ ಮೊದಲು, ಅದರಲ್ಲಿ ಅಂಕಣವಿಲ್ಲದ ಶಕ್ತಿ ಯಾರಲ್ಲಿದೆ ಎಂಬದನ್ನು ಶಿಕ್ಷಕರು ಇನ್ನೊಮ್ಮೆ ನೋಡಲಿ.