ಕಾಲಾ ಅಜಾರ್ ಔಷಧದ ಸಂಶೋಧಕ ಸರ್ ಉಪೇಂದ್ರನಾಥ ಬ್ರಹ್ಮಚಾರಿ

ವೈದ್ಯಕೀಯ ಶಿಕ್ಷಣ ಸಂಸ್ಥೆಗೆ ಸೇರಿದ ಆಸ್ಪತ್ರೆಯಲ್ಲಿ ರೋಗಿಗಳ ಚಿಕಿತ್ಸೆ, ವಿದ್ಯಾರ್ಥಿಗಳ ಬೋಧನೆ ಹಾಗೂ ಸಂಶೋಧನೆ ಈ ಮೂರೂ ಜೊತೆಜೊತೆಯಾಗಿ ನಡೆಯಬೇಕೆಂಬುದು ಇಂದು ಎಲ್ಲರೂ ಒಪ್ಪಿರುವ ವಿಚಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ವೈದ್ಯಕೀಯ ಶಾಲೆಗಳಲ್ಲಿ ಮೂರನೆಯ ಕಾರ್ಯಕ್ಕೆ ಸ್ಥಳವಾಗಲಿ ಹಣವಾಗಲಿ ದೊರೆಯುವುದು ದುರ್ಲಭವಾಗಿತ್ತು. ಅಂತಹ ಕಾಲದಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಯ ಆಸ್ಪತ್ರೆಯಲ್ಲಿ ಬೋಧಕರಾಗಿದ್ದುಕೊಂಡೇ, ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿದ್ದ ಕಾಲಾ ಅಜಾರ್ ರೋಗಕ್ಕೆ ಪರಿಣಾಮಕಾರಿ ಔಷಧವನ್ನು ರೂಪಿಸಿದವರು ಡಾ. ಉಪೇಂದ್ರನಾಥ ಬ್ರಹ್ಮಚಾರಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಉಪೇಂದ್ರನಾಥರು 1873ರ ಡಿಸೆಂಬರ್ 19ರಂದು ಜನಿಸಿದರು. ತಂದೆ ನೀಲಮಣಿ ಬ್ರಹ್ಮಚಾರಿಯವರು ಬಿಹಾರದ ಜಮಾಲ್‌ಪುರದಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯ ವೈದ್ಯರಾಗಿದ್ದರು. ಹೂಗ್ಲಿ ಕಾಲೇಜಿನಲ್ಲಿ 1893ರಲ್ಲಿ ಬಿ.ಎ. ಪದವಿ ಪಡೆದ ಉಪೇಂದ್ರನಾಥರು ಮರುವರ್ಷ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎ. ಪೂರೈಸಿದರು. ಅನಂತರ ವೈದ್ಯಶಾಸ್ತ್ರದತ್ತ ತಿರುಗಿ 1902ರಲ್ಲಿ ಎಂ.ಡಿ. ಪದವಿಯನ್ನೂ, 1904ರಲ್ಲಿ ರಕ್ತಕಣಗಳ ವಿಘಟನೆಯನ್ನು ಕುರಿತ ಪ್ರಬಂಧಕ್ಕಾಗಿ ಪಿಎಚ್.ಡಿ. ಪದವಿಯನ್ನೂ ಪಡೆದರು. ಗಣಿತ ಹಾಗೂ ರಸಾಯನಶಾಸ್ತ್ರವನ್ನು ಮೊದಲು ಓದಿ ಬಳಿಕ ವೈದ್ಯರಾದವರು ಆಗ ವಿರಳ. ಮುಂದೆ ಅವರು ಔಷಧವನ್ನು ತಾವೇ ತಯಾರಿಸಿ ತಾವೇ ಪರೀಕ್ಷಿಸಲು ಸಾಧ್ಯವಾದದ್ದಕ್ಕೆ ಈ ಜೋಡಿ ವಿದ್ಯೆಯೇ ಕಾರಣವೆನ್ನಬೇಕು. ಢಾಕಾ ವೈದ್ಯಕೀಯ ಶಾಲೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ, 1905ರಲ್ಲಿ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಬಂದರು.

ರೋಗದ ಸ್ವರೂಪ

ಕಾಲಾ ಅಜಾರ್ ಎಂದರೆ ಕಪ್ಪು ರೋಗ. ತಿಂಗಳುಗಟ್ಟಲೆ ಬಿಡದ ಜ್ವರ, ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸುವಷ್ಟು ಊದಿದ ಗುಲ್ಮ, ರಕ್ತಹೀನತೆ, ಕೈಕಾಲುಗಳು ಕಡ್ಡಿಯಂತಾಗುವಷ್ಟು ಕೃಶತೆ, ಚರ್ಮಕ್ಕೆ ಕವಿಯುವ ಕಪ್ಪುಛಾಯೆ ಇದರ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಅಸ್ಸಾಂನ ನೌಗಾಂಗ್ ಜಿಲ್ಲೆಯ ಜನಸಂಖ್ಯೆ 1891ರಿಂದ 1901ರ ನಡುವೆ ಸುಮಾರು ಕಾಲುಭಾಗದಷ್ಟು ಇಳಿಯಿತು. ಈ ಇಳಿಕೆಗೆ ಮುಖ್ಯ ಕಾರಣ ಇದೇ ರೋಗ. ಬಹುಕಾಲ ಇದನ್ನು ಮಲೇರಿಯಾದ ಉಗ್ರ ರೂಪವೆಂದೇ ಭಾವಿಸಲಾಗಿತ್ತು. 1903ರಲ್ಲಿ ಲೀಶ್‌ಮನ್ ಹಾಗೂ ಮದರಾಸಿನ ಡೊನೊವನ್ ಅವರು ಪ್ರತ್ಯೇಕವಾಗಿ ರೋಗಕಾರಕ ಪರಾವಲಂಬಿ ಜೀವಿಯನ್ನು ಗುರುತಿಸಿದ ಮೇಲೆ ಈ ಭ್ರಮೆ ಹರಿಯಿತು. ಮರಳು ನೊಣದ ಕಡಿತದಿಂದ ರೋಗ ಮನುಷ್ಯರಿಗೆ ಹರಡುತ್ತದೆಂಬುದು ಖಚಿತವಾಗಿ ಸಾಬೀತಾದದ್ದು ಮಾತ್ರ ಬಹಳ ತಡವಾಗಿ, 1942ರಲ್ಲಿ.

1915ರ ವೇಳೆಗೆ ಇಟಲಿಯಲ್ಲೂ ಭಾರತದಲ್ಲೂ ಟಾರ್ಟಾರ್ ಎಮೆಟಿಕ್ ಎಂಬ ಆಂಟಿಮನಿ ಲವಣವನ್ನು ರಕ್ತನಾಳಕ್ಕೆ ಚುಚ್ಚುವ ಚಿಕಿತ್ಸೆ ಬಳಕೆಗೆ ಬಂದಿತು. ಅದು ಗುಣ ನೀಡುತ್ತಿದ್ದುದು ನಿಜ. ಆದರೆ ಚಿಕಿತ್ಸೆಯನ್ನು ಎರಡು ಮೂರು ತಿಂಗಳು ಮುಂದುವರಿಸಬೇಕಾಗಿತ್ತು. ವಾಂತಿ, ಕೆಮ್ಮು, ಹೃದಯದ ತೊಂದರೆಗಳು ಸಾಮಾನ್ಯವಾಗಿದ್ದವು. ಕೂಲಿ ಬಿಟ್ಟು ಅಷ್ಟು ಕಾಲ ಆಸ್ಪತ್ರೆಯಲ್ಲಿರಲಾಗದ ಬಡ ರೋಗಿಗಳು ಅರ್ಧಕ್ಕೇ ಹೊರಟುಹೋಗುತ್ತಿದ್ದರು. ಹೀಗೆ ಅರ್ಧ ಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸುತ್ತಿತ್ತು.

ಕ್ಯಾಂಪ್‌ಬೆಲ್ ಆಸ್ಪತ್ರೆಯ ಕೊಠಡಿ

ಬ್ರಹ್ಮಚಾರಿಯವರು ಮೊದಲು ಸೋಡಿಯಂ ಲವಣವನ್ನೂ, ಬಳಿಕ ಅತಿ ಸೂಕ್ಷ್ಮ ಕಣಗಳ ರೂಪದ ಆಂಟಿಮನಿ ಲೋಹವನ್ನೂ ಪ್ರಯೋಗಿಸಿ ನೋಡಿದರು. ಎರಡನೆಯದರಿಂದ ಉತ್ತಮ ಫಲ ದೊರೆತರೂ ಅದನ್ನು ಆಗಿಂದಾಗ್ಗೆ ಹೊಸದಾಗಿ ತಯಾರಿಸಬೇಕಾಗಿದ್ದ ಕಾರಣ ಹಳ್ಳಿಗಾಡಿನ ಚಿಕಿತ್ಸಾಲಯಗಳಿಗೆ ಅದು ಒದಗುವಂತಿರಲಿಲ್ಲ. ಜರ್ಮನಿಯ ಪಾಲ್ ಎರ್ಲಿಖ್ ಅವರು ಆರ್ಸೆನಿಕ್‌ನ ಸಾವಯವ ಸಂಯುಕ್ತಗಳಿಂದ ಸಿಫಿಲಿಸ್‌ಗೆ ಔಷಧ ಕಂಡುಕೊಂಡಿದ್ದರು. ಆರ್ಸೆನಿಕ್‌ನ ಜಾಗದಲ್ಲಿ ಅದರ ಸಮೀಪದ ಬಂಧುವಾದ ಆಂಟಿಮನಿಯನ್ನು ಇಟ್ಟರೆ ವಿಷದ ಗುಣ ತಗ್ಗಿ ರೋಗಾಣುನಾಶಕ ಗುಣ ಉಳಿಯಬಹುದೆಂಬುದು ಬ್ರಹ್ಮಚಾರಿಯವರ ಊಹೆ.

1919ರ ಕೊನೆಯಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘವು ಅವರಿಗೆ ಧನಸಹಾಯ ಮಂಜೂರು ಮಾಡಿತು. (1911ರಲ್ಲಿ ಸ್ಥಾಪಿತವಾದ ಇದೇ ಸಂಘ 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಯಿತು.) ಆಸ್ಪತ್ರೆಯಲ್ಲಿ ಅವರಿಗೆ ದೊರೆತದ್ದು ಒಂದು ಚಿಕ್ಕ ಕೊಠಡಿ. ಅಲ್ಲಿ ನೀರಿನ ನಲ್ಲಿ ಇರಲಿಲ್ಲ, ಅನಿಲದ ಸಂಪರ್ಕ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಹಗಲು ವಾರ್ಡುಗಳ ಕೆಲಸ, ಪಾಠ. ಕತ್ತಲಾದ ಮೇಲೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಪ್ರಯೋಗ. ಈ ಕೊಠಡಿಯಲ್ಲಿಯೇ 1920–21ರ ಅವಧಿಯಲ್ಲಿ ಪ್ಯಾರಾ ಅಮೈನೋ ಫೀನೈಲ್ ಸ್ಟಿಬಿನಿಕ್ ಆಮ್ಲ ಹಾಗೂ ಯೂರಿಯಾಗಳಿಂದ ಹೊಸ ಸಂಯುಕ್ತವೊಂದನ್ನು ಅವರು ಸಿದ್ಧಪಡಿಸಿದರು. ಇದಕ್ಕೆ ಯೂರಿಯಾ ಸ್ಟಿಬಮೈನ್ ಎಂದು ಹೆಸರಾಯಿತು. ಇದರ ನಿಖರವಾದ ರಾಸಾಯನಿಕ ರಚನೆಯ ಬಗ್ಗೆ ರಸಾಯನಶಾಸ್ತ್ರಜ್ಞರ ವಾದವಿವಾದ ಬಹುಕಾಲ ನಡೆಯಿತು. ರೋಗಿಗಳ ಮಟ್ಟಿಗೆ ಆ ವಾದ ಗೌಣವಾಗಿತ್ತು.

ರೋಗಿಗಳ ಮೇಲಿನ ಪರೀಕ್ಷೆ

ಹೊಸ ಔಷಧವನ್ನು ಮೊದಲು ಬೆರಳೆಣಿಕೆಯಷ್ಟು ರೋಗಿಗಳಿಗೆ ಮಾತ್ರ ನೀಡಲಾಯಿತು. ಅವರ ಜ್ವರ, ತೂಕ, ಗುಲ್ಮದ ಗಾತ್ರ ಹಾಗೂ ರಕ್ತಕಣಗಳ ಸಂಖ್ಯೆಯಲ್ಲಾದ ಬದಲಾವಣೆಗಳನ್ನು ಗಮನಿಸಿ, 1922ರ ಅಕ್ಟೋಬರ್‌ನಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ತಿಂಗಳುಗಳ ಚಿಕಿತ್ಸೆ ಕೆಲವೇ ವಾರಗಳಿಗೆ ಇಳಿದಿತ್ತು.

ಇಂದಿನ ಅಳತೆಗೋಲಿನಿಂದ ನೋಡಿದರೆ ಈ ಪರೀಕ್ಷೆಯಲ್ಲಿ ಕೊರತೆಗಳಿದ್ದವು. ಹೊಸ ಔಷಧ ಪಡೆದವರು ಮತ್ತು ಹಳೆಯ ಔಷಧ ಪಡೆದವರು ಎಂದು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ವಿಂಗಡಿಸಿ ಹೋಲಿಸುವ ಪದ್ಧತಿ ಆಗ ರೂಢಿಯಲ್ಲಿರಲಿಲ್ಲ. ಆ ಪದ್ಧತಿಗೆ ಮಾದರಿಯೆನಿಸಿದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಪ್ರಕಟವಾದದ್ದು 1948ರಲ್ಲಿ, ಅಂದರೆ ಬ್ರಹ್ಮಚಾರಿಯವರ ನಿಧನದ ಬಳಿಕ. ರೋಗಿಯ ಲಿಖಿತ ಸಮ್ಮತಿ, ನೈತಿಕ ಸಮಿತಿಯ ಪೂರ್ವಾನುಮತಿ ಮುಂತಾದ ನಿಯಮಗಳೂ ಆಗ ಇರಲಿಲ್ಲ. ಹಿಂದೆ ಯಾರಿಗೂ ನೀಡದಿದ್ದ ಔಷಧಕ್ಕೆ ಮೊದಲು ತೋಳೊಡ್ಡಿದವರ ಹೆಸರುಗಳನ್ನು ಚರಿತ್ರೆ ಉಳಿಸಿಕೊಂಡಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಿದ್ದ ರೋಗದಲ್ಲಿ ಔಷಧ ಪಡೆದ ಬಹುಪಾಲು ಮಂದಿ ಎದ್ದು ನಡೆದಾಗ, ಆ ವ್ಯತ್ಯಾಸ ಆಕಸ್ಮಿಕವೆನ್ನಲು ಆಸ್ಪದವಿರಲಿಲ್ಲ.

ಕಂಡುಹಿಡಿದವರ ಮಾತೊಂದನ್ನೇ ನೆಚ್ಚಿಕೊಂಡು ಔಷಧವನ್ನು ಪ್ರಾಂತವಿಡೀ ಹಂಚಲಿಲ್ಲವೆಂಬುದು ವಿಶೇಷವಾಗಿ ಉಲ್ಲೇಖನೀಯ. ಶಿಲ್ಲಾಂಗ್‌ನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು 1923ರ ಸುಮಾರಿಗೆ ಇದನ್ನು ಸ್ವತಂತ್ರವಾಗಿ ಪರೀಕ್ಷಿಸಿ ಅನುಕೂಲಕರ ವರದಿ ನೀಡಿದರು. ಇದಾದ ನಂತರವೇ ಅಸ್ಸಾಂನ ಚಿಕಿತ್ಸಾಲಯಗಳಲ್ಲಿ ಹಾಗೂ ಚಹಾ ತೋಟಗಳಲ್ಲಿ ಔಷಧದ ವ್ಯಾಪಕ ಬಳಕೆ ಆರಂಭವಾಯಿತು. ಸುಮಾರು ಹತ್ತು ವರ್ಷಗಳಲ್ಲಿ ಆ ಪ್ರಾಂತವೊಂದರಲ್ಲೇ ಅಂದಾಜು ಮೂರೂಕಾಲು ಲಕ್ಷ ಜೀವಗಳು ಉಳಿದವೆಂದು 1930ರ ದಶಕದ ಆರಂಭದಲ್ಲಿ ಲೆಕ್ಕಹಾಕಲಾಯಿತು. ಈ ರೋಗದ ಪಿಡುಗು ತಾನಾಗಿಯೇ ಏರಿ ಇಳಿಯುವ ಸ್ವಭಾವದ್ದಾದುದರಿಂದ ಇಳಿಕೆಯನ್ನೆಲ್ಲ ಔಷಧದ ಲೆಕ್ಕಕ್ಕೇ ಸೇರಿಸುವುದು ಸರಿಯಾಗದು. ಆದರೆ ಆಸ್ಪತ್ರೆಗೆ ಬಂದ ರೋಗಿ ಬದುಕಿ ಮನೆಗೆ ಮರಳಿದ್ದಕ್ಕೆ ಔಷಧವೇ ಕಾರಣ.

1922ರಲ್ಲಿಯೇ ಬ್ರಹ್ಮಚಾರಿಯವರು ಇನ್ನೊಂದು ಮಹತ್ವದ ಸಂಗತಿಯನ್ನು ವರದಿ ಮಾಡಿದರು. ಕಾಲಾ ಅಜಾರ್‌ನಿಂದ ಗುಣಮುಖರಾದ ಕೆಲವರ ಚರ್ಮದಲ್ಲಿ ಮುಂದೆ ಮಚ್ಚೆಗಳೂ ಗಂಟುಗಳೂ ಕಾಣಿಸಿಕೊಳ್ಳುತ್ತಿದ್ದು, ಅವುಗಳಲ್ಲಿ ಅದೇ ಪರಾವಲಂಬಿ ಜೀವಿ ಇರುವುದನ್ನು ಅವರು ತೋರಿಸಿದರು. ತಮ್ಮ ರೋಗಿ ಗುಣವಾದನೆಂದು ಕಡತ ಮುಚ್ಚದೆ ಹಿಂಬಾಲಿಸಿ ನೋಡಿದ್ದರಿಂದಲೇ ಇದು ಬೆಳಕಿಗೆ ಬಂದಿತು. ಇಂತಹ ವ್ಯಕ್ತಿಗಳ ಚರ್ಮದಿಂದ ಮರಳು ನೊಣಗಳ ಮೂಲಕ ರೋಗ ಮತ್ತೆ ಹರಡಬಲ್ಲುದಾದ್ದರಿಂದ, ರೋಗ ನಿರ್ಮೂಲನ ಕಾರ್ಯಕ್ರಮಗಳಲ್ಲಿ ಈ ಸ್ಥಿತಿಗೆ ಇಂದಿಗೂ ವಿಶೇಷ ಗಮನ ನೀಡಲಾಗುತ್ತದೆ.

ನಂತರದ ವರ್ಷಗಳು

1923ರಲ್ಲಿ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೆಚ್ಚುವರಿ ವೈದ್ಯರಾಗಿ ತೆರಳಿ 1927ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದರು. ಕಾರ್ನ್‌ವಾಲಿಸ್ ರಸ್ತೆಯ ತಮ್ಮ ಮನೆಯಲ್ಲಿ 1924ರಲ್ಲಿಯೇ ಬ್ರಹ್ಮಚಾರಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ್ದರು; ಔಷಧ ಅಲ್ಲಿಯೇ ತಯಾರಾಗುತ್ತಿತ್ತು. 1934ರಲ್ಲಿ ನೈಟ್ ಪದವಿ ದೊರೆಯಿತು. 1936ರಲ್ಲಿ ಇಂದೋರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. ನೊಬೆಲ್ ಪಾರಿತೋಷಕಕ್ಕೆ 1929ರಲ್ಲಿಯೂ 1942ರಲ್ಲಿಯೂ ಅವರ ಹೆಸರು ಸೂಚಿತವಾಗಿತ್ತು, ಆದರೆ ಪಾರಿತೋಷಕ ಲಭಿಸಲಿಲ್ಲ. ಕಲ್ಕತ್ತೆಯಲ್ಲಿ ರಕ್ತನಿಧಿಯ ವ್ಯವಸ್ಥೆ ಆರಂಭವಾಗುವುದರಲ್ಲಿಯೂ ಅವರ ಪಾತ್ರವಿತ್ತು. 1946ರ ಫೆಬ್ರವರಿ 6ರಂದು ಅವರು ನಿಧನರಾದರು.

ಯೂರಿಯಾ ಸ್ಟಿಬಮೈನ್‌ನ ಸ್ಥಾನಕ್ಕೆ ಮುಂದೆ ಆಂಟಿಮನಿಯ ಬೇರೆ ಸಂಯುಕ್ತಗಳು ಬಂದವು. ಕಾಲಕ್ರಮೇಣ ಬಿಹಾರದಲ್ಲಿ ಪರಾವಲಂಬಿ ಜೀವಿಯು ಆಂಟಿಮನಿಗೇ ಬಗ್ಗದಂತಾಯಿತು. ಅದೇ ರಾಜ್ಯದ ಮುಜಫ್ಫರ್‌ಪುರದಲ್ಲಿ 412 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಲೈಪೊಸೋಮಲ್ ಆಂಫೊಟೆರಿಸಿನ್ ಔಷಧದ ಒಂದೇ ಚುಚ್ಚುಮದ್ದನ್ನು ಹಳೆಯ ಆಂಫೊಟೆರಿಸಿನ್‌ನ ಹಲವು ಚುಚ್ಚುಮದ್ದುಗಳೊಡನೆ ಹೋಲಿಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 96 ಮಂದಿ ಗುಣಮುಖರಾದರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿರಲಾಗದೆ ಅರ್ಧಕ್ಕೇ ಹೊರಟುಹೋಗುತ್ತಿದ್ದ ಕ್ಯಾಂಪ್‌ಬೆಲ್ ಆಸ್ಪತ್ರೆಯ ಕಾಲದ ರೋಗಿಯ ಸಮಸ್ಯೆ ಒಂದು ದಿನದ ಚಿಕಿತ್ಸೆಗೆ ಇಳಿದದ್ದು ಹೀಗೆ.

ಕ್ಯಾಂಪ್‌ಬೆಲ್ ಶಾಲೆ ಈಗ ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜು ಎಂಬ ಹೆಸರಿನಲ್ಲಿದೆ. ಕೋಲ್ಕತ್ತದ ಹಿಂದಿನ ಲೌಡನ್ ರಸ್ತೆಗೆ ಡಾ. ಉಪೇಂದ್ರನಾಥ ಬ್ರಹ್ಮಚಾರಿಯವರ ಹೆಸರನ್ನು ಇಡಲಾಗಿದೆ.