ಡಾ. ಕಮಲಾ ಸೋಹೋನಿ

ಮುಂಬಯಿಯಲ್ಲಿ ವಿಜ್ಞಾನವನ್ನು ಕಲಿಯುತ್ತಿರುವ ನಾವೆಲ್ಲರೂ ಗೌರವದಿಂದ ನೆನೆಯಬೇಕಾದ ಹೆಸರು ಡಾ. ಕಮಲಾ ಸೋಹೋನಿಯವರದು. ಈ ಮಹಾನಗರಕ್ಕೂ ಕನ್ನಡ ನಾಡಿನ ಬೆಂಗಳೂರಿಗೂ ಅವರ ಬಾಳು ಸಂಬಂಧಿಸಿದೆ.

ಕಮಲಾ ಅವರು 1911ರಲ್ಲಿ ಇಂದೂರಿನ ಭಾಗವತ ಮನೆತನದಲ್ಲಿ ಜನಿಸಿದರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಉನ್ನತ ಸ್ಥಾನದಿಂದ ತೇರ್ಗಡೆ ಹೊಂದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅಂದು ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಸ್ತ್ರೀಯೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಎದೆಗುಂದಲಿಲ್ಲ, ವಾದಿಸಿದರು, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಅಲ್ಲಿ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ ಅವರು ರಾಮನ್ನರ ಮೆಚ್ಚುಗೆಗೆ ಪಾತ್ರರಾದರು. ಅನಂತರ ಆ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

ಮುಂದೆ ಕೇಂಬ್ರಿಜ್‌ಗೆ ತೆರಳಿದ ಕಮಲಾ ಅವರು, ಆಲೂಗಡ್ಡೆಯಲ್ಲಿ ಸೈಟೋಕ್ರೋಮ್-ಸಿ ಎಂಬ ಪ್ರೋಟೀನನ್ನು ಕಂಡರು. ಕಬ್ಬಿಣದ ಅಂಶವುಳ್ಳ ಈ ಪ್ರೋಟೀನು ಜೀವಕೋಶದ ಉಸಿರಾಟಕ್ಕೆ ಅತ್ಯಗತ್ಯ. ಪ್ರಾಣಿಗಳಂತೆ ಸಸ್ಯಗಳಲ್ಲಿಯೂ ಅದು ಉಂಟೆಂದು ಅವರು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಪದವಿ ಪಡೆದು ಸ್ವದೇಶಕ್ಕೆ ಮರಳಿದರು.

1947ರಲ್ಲಿ ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದ ಬಳಿಕ, ಫೋರ್ಟ್ ವಿಭಾಗದ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕಿಯಾದರು. ಬಹು ತಡವಾಗಿ ಅಲ್ಲಿಯ ನಿರ್ದೇಶಕಿಯೂ ಆದರು. ನಮ್ಮ ಮನೆಗಳಲ್ಲಿ ಬಳಸುವ ಅವರೆಕಾಳಿನಲ್ಲಿ, ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ಹಿಡಿದು ತಡೆಯುವ ಪ್ರೋಟೀನೊಂದಿದೆ. ಅದನ್ನು ಹರಳುರೂಪದಲ್ಲಿ ಬೇರ್ಪಡಿಸಿದ ಸಂಗತಿಯನ್ನು 1955ರಲ್ಲಿ ಅವರು ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ತಾಳೆಯ ಮರದ ನೀರಾದಲ್ಲಿ ಜೀವಸತ್ತ್ವಗಳೂ ಕಬ್ಬಿಣವೂ ಇರುವುದನ್ನು ತೋರಿಸಿ, ಅಪುಷ್ಟರಾದ ಬಡಮಕ್ಕಳಿಗೂ ಗರ್ಭಿಣಿಯರಿಗೂ ಅದು ಹಿತಕರವೆಂದು ಸಾರಿದರು. ಈ ಕಾರ್ಯಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ಲಭಿಸಿತು.

ಕಬ್ಬಿಣವಿಲ್ಲದೆ ದೇಹ ಬಾಳದು. ಮಿತಿಮೀರಿದರೆ ಅದೇ ವಿಷ. ಹಾಗಾದರೆ ಜೀವಕೋಶವು ಅದನ್ನು ಹದದಲ್ಲಿರಿಸುವ ಬಗೆಯೆಂತು? ಇದರ ಉತ್ತರವನ್ನು ಬೇರೆ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಕಂಡುಕೊಂಡರು. ವಂಶವಾಹಿಯ ಆದೇಶವನ್ನು ಆರ್‌ಎನ್‌ಎ ಎಂಬ ಅಣುವು ಕೋಶಕೇಂದ್ರದಿಂದ ಹೊರಗೆ ಒಯ್ಯುತ್ತದೆ. ಆ ಆದೇಶದಂತೆ ಪ್ರೋಟೀನು ತಯಾರಾಗುತ್ತದೆ. ಕಬ್ಬಿಣದ ಅಭಾವವಾದಾಗ ಒಂದು ನಿಯಂತ್ರಕ ಪ್ರೋಟೀನು ಎರಡು ಬಗೆಯ ಆರ್‌ಎನ್‌ಎಗಳನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣವನ್ನು ಕೂಡಿಡುವ ಫೆರಿಟಿನ್ನಿನ ಆರ್‌ಎನ್‌ಎಯನ್ನು ಮೊದಲ ತುದಿಯಲ್ಲಿ ಹಿಡಿದು, ಅದರ ತಯಾರಿಕೆಯನ್ನು ನಿಲ್ಲಿಸುತ್ತದೆ. ಕಬ್ಬಿಣವನ್ನು ಒಳತರಲು ನೆರವಾಗುವ ಪ್ರೋಟೀನಿನ ಆರ್‌ಎನ್‌ಎಯನ್ನು ಕೊನೆಯ ತುದಿಯಲ್ಲಿ ಹಿಡಿದು, ಅದು ನಾಶವಾಗದಂತೆ ಕಾಯುತ್ತದೆ. ಕಬ್ಬಿಣ ಸಾಕಷ್ಟಾದೊಡನೆ ಈ ಹಿಡಿತ ತಪ್ಪುತ್ತದೆ. ಒಂದೇ ಪ್ರೋಟೀನು ಒಂದೆಡೆ ತಡೆಯೂ ಇನ್ನೊಂದೆಡೆ ರಕ್ಷೆಯೂ ಆಗುವುದು ಹೀಗೆ. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಆರ್‌ಎನ್‌ಎಯನ್ನು ಹಿಡಿದು ಅದರ ಕಾರ್ಯವನ್ನು ನಿಯಂತ್ರಿಸುವ ಇಂತಹ ಪ್ರೋಟೀನುಗಳು ನೂರಾರಿವೆ.

1998ರಲ್ಲಿ ಕಮಲಾ ಅವರು ಕಾಲವಾದರು. ಆಲೂಗಡ್ಡೆ, ಅವರೆ, ನೀರಾಗಳಂತಹ ಸಾಮಾನ್ಯ ವಸ್ತುಗಳಲ್ಲಿಯೇ ಅವರು ಮಹತ್ತ್ವದ ಸಂಗತಿಗಳನ್ನು ಅರಸಿದರು. ಮುಚ್ಚಿದ ಬಾಗಿಲನ್ನು ಕಂಡು ಅಂದು ಅವರು ಹಿಂದಿರುಗಿದ್ದರೆ, ನಷ್ಟ ಅವರೊಬ್ಬರದಾಗುತ್ತಿರಲಿಲ್ಲ. ಅವರ ಹಿಂದೆ ಬಂದ ಎಷ್ಟೋ ವಿದ್ಯಾರ್ಥಿನಿಯರೂ ಹೊರಗೆ ಕಾಯಬೇಕಾಗುತ್ತಿತ್ತು. ಅವರ ಶ್ರದ್ಧೆಯೂ ಛಲವೂ ನಮಗೆ ಮೇಲ್ಪಂಕ್ತಿಯಾಗಲಿ.