ಇಂಜಿನಿಯರಿಂಗ್ ಬಿಟ್ಟು ಮಿಡತೆ ಹಿಡಿದ ಸಟನ್

ವಾಲ್ಟರ್ ಸಟನ್ ಕೂಡ ನಮ್ಮ ಹಾಗೇ ಇಂಜಿನಿಯರಿಂಗ್ ಸೇರಿದವನು. ಅಮೆರಿಕದ ಕ್ಯಾನ್ಸಸ್‌ನ ರೈತನ ಮಗ. ಹೊಲದ ಯಂತ್ರ ಕೆಟ್ಟರೆ ತಾನೇ ರಿಪೇರಿ ಮಾಡ್ತಿದ್ದ. 1897ರಲ್ಲಿ ತಮ್ಮ ಟೈಫಾಯ್ಡ್‌ನಿಂದ ತೀರಿಕೊಂಡ. ಡಾಕ್ಟರಾಗಬೇಕು ಅಂತ ಸಟನ್ ಜೀವಶಾಸ್ತ್ರಕ್ಕೆ ಹೊರಳಿದ.

ಮಿಡತೆಯ ವೀರ್ಯಾಣು ಹೇಗೆ ತಯಾರಾಗುತ್ತೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತ. ಮಿಯಾಸಿಸ್‌ನಲ್ಲಿ ಕ್ರೋಮೋಸೋಮುಗಳು ಮೊದಲು ಜೋಡಿಯಾಗುತ್ತವೆ. ಮೊದಲ ವಿಭಜನೆಯಲ್ಲಿ ಜೋಡಿ ಅಗಲುತ್ತೆ, ಎರಡನೆಯದರಲ್ಲಿ ಒಂದೊಂದೂ ಸೀಳುತ್ತೆ. ಕೊನೆಗೆ ನಾಲ್ಕು ಕೋಶ, ಪ್ರತಿಯೊಂದರಲ್ಲೂ ಅರ್ಧ ಸಂಖ್ಯೆ. ಮೆಂಡೆಲ್‌ನ ಬಟಾಣಿ ಲೆಕ್ಕದಲ್ಲೂ ಜೋಡಿ ಅಂಶಗಳು ಹೀಗೇ ಬೇರೆಯಾಗೋದು! ಆ ಲೆಕ್ಕಕ್ಕೆ ಆಧಾರ ಈ ಕ್ರೋಮೋಸೋಮುಗಳೇ ಇರಬಹುದು ಅಂತ 1902ರಲ್ಲಿ ಬರೆದಾಗ ಸಟನ್‌ಗೆ ಬರೀ 25 ವರ್ಷ.

ಪಿಎಚ್‌.ಡಿ. ಮುಗಿಸಲಿಲ್ಲ. ಎಣ್ಣೆಬಾವಿಗಳಲ್ಲಿ ದುಡಿದ, ಆಮೇಲೆ ಸರ್ಜನ್ ಆದ. 1916ರಲ್ಲಿ ಅಪೆಂಡಿಸೈಟಿಸ್ ಆಗಿ ತೀರಿಕೊಂಡಾಗ ವಯಸ್ಸು 39.

ಬೇಕಾದ ಬ್ರಾಂಚ್ ಸಿಗದಿದ್ರೆ ಬದುಕೇ ಹೋಯ್ತು ಅಂತ ಕೊರಗುವ ನಾವು ಆ ಮಿಡತೆಗಳನ್ನ ಒಮ್ಮೆ ನೆನೆಯೋಣ.